‘ಆಗುವುದಿಲ್ಲ’ ಎಂಬ ಮಾತು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಪ್ರತಿವರ್ಷವೂ ನಮ್ಮ ಕಾಲೇಜಿನ ಈ ಸಂಚಿಕೆಯಲ್ಲಿ ಸಾಹಿತ್ಯ, ಚರಿತ್ರೆ, ಅರ್ಥಶಾಸ್ತ್ರಗಳನ್ನು ಕುರಿತ ಲೇಖನಗಳು ಬರುತ್ತವೆ. ಅವುಗಳ ನಡುವೆ ದರ್ಜಿಯ ಅಂಗಡಿಯ ಮಾತೆತ್ತುವುದು ಉಚಿತವೇ ಎಂದು ನನಗೇ ಸಂಕೋಚವಿತ್ತು. “ನಿನಗೆ ಗೊತ್ತಿರುವುದನ್ನು ಬರೆಯಮ್ಮ” ಎಂದು ಕನ್ನಡ ಅಧ್ಯಾಪಕರು ಧೈರ್ಯ ಹೇಳಿದರು. ನನಗೆ ಚೆನ್ನಾಗಿ ಗೊತ್ತಿರುವುದು ಇದೊಂದೇ. ನಮ್ಮ ತಂದೆಯವರು ಟೈಲರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹತ್ತಡಿ ಉದ್ದ, ಎಂಟಡಿ ಅಗಲದ ಅಂಗಡಿ. ಅದರಲ್ಲಿ ಎರಡು ಯಂತ್ರ, ಒಂದು ಕತ್ತರಿಸುವ ಮೇಜು, ಗೋಡೆಗೆ ಒಂದು ನಿಲುವುಗನ್ನಡಿ. ತಂದೆಯವರು ಕತ್ತರಿಸಿ ಹೊಲಿಯುತ್ತಾರೆ. ತಾಯಿಯವರು ಮನೆಯಲ್ಲಿ ಕುಳಿತು ಹುಕ್ಕು ಹಾಕುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಮಾಡುತ್ತಾರೆ. ನಾನು ಸಂಜೆ ತರಗತಿ ಮುಗಿಸಿ ಬಂದು ಅಳತೆ ಪುಸ್ತಕ ಹಿಡಿದು ಕುಳಿತುಕೊಳ್ಳುತ್ತೇನೆ. ನಾನು ಈ ಕಾಲೇಜಿನ ಮೆಟ್ಟಿಲು ಹತ್ತಿದುದು ಆ ಎರಡು ಯಂತ್ರಗಳ ದೆಸೆಯಿಂದ. ನಮ್ಮ ಮನೆತನದಲ್ಲಿ ಇದಕ್ಕೆ ಮೊದಲು ಯಾರೂ ಹತ್ತಿದವರಿಲ್ಲ.

ಆ ಅಂಗಡಿಯಲ್ಲಿ ನಾನು ಕಲಿತ ವಿದ್ಯೆಗಳಲ್ಲಿ ಬಲು ಕಷ್ಟದ್ದು, ಗಿರಾಕಿಯ ಮನಸ್ಸು ನೋಯದಂತೆ ‘ಆಗುವುದಿಲ್ಲ’ ಎನ್ನುವುದು. ಇದರಲ್ಲಿ ವಿದ್ಯೆಯೇನು ಬಂತು, ಎಲ್ಲರೂ ದಿನಕ್ಕೆ ಹತ್ತು ಸಲ ಹೇಳುವ ಮಾತು ತಾನೇ ಎಂದು ಸಹಪಾಠಿಗಳು ಕೇಳಬಹುದು. ಸಂಬಳ ತರುವವರ ಮನೆಯಲ್ಲಿ ಇದು ಸುಲಭದ ಮಾತಿರಬಹುದು. ಬಂದ ಗಿರಾಕಿಯ ಕೈಯಿಂದಲೇ ಆ ರಾತ್ರಿಯ ಅಕ್ಕಿ ಬರಬೇಕಾದ ಮನೆಯಲ್ಲಿ ಸುಲಭವಲ್ಲ. ನಮ್ಮ ಕಾಲೇಜಿನಲ್ಲಿ ಚಿಲ್ಲರೆ ಅಂಗಡಿ, ಹೂವಿನ ಅಂಗಡಿ, ಸೈಕಲ್ ರಿಪೇರಿ ಅಂಗಡಿಗಳಿಂದ ಬಂದವರು ಎಷ್ಟೋ ಮಂದಿ ಇದ್ದೇವೆ. ಅವರಿಗೆ ನಾನು ಹೇಳಹೊರಟಿರುವುದು ಹೊಸದಾಗಿ ತೋರಲಾರದು.

ಟೈಲರು, ಅಗಸ, ಅಕ್ಕಸಾಲಿಗ ಈ ಮೂವರ ‘ನಾಳೆ’ಯನ್ನು ನಂಬಬಾರದೆಂದು ನಮ್ಮ ಕಡೆ ಹಾಸ್ಯ ಮಾಡುವುದುಂಟು. ಈ ‘ನಾಳೆ’ ಯಾಕೆ ಹುಟ್ಟುತ್ತದೆಂದು ಯಾರೂ ವಿಚಾರಿಸುವುದಿಲ್ಲ. ‘ಆಗುವುದಿಲ್ಲ’ ಎನ್ನಲು ಬಾಯಿ ಬಾರದವನು ಹೇಳುವ ಮಾತೇ ‘ನಾಳೆ’. 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವವೊಂದರ ಸುದ್ದಿ ಹಬ್ಬಿ, ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿಯೂ ಹಲವು ಊರುಗಳಲ್ಲಿಯೂ ಜನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರಂತೆ. ದೆವ್ವ ಅದನ್ನು ಓದಿಕೊಂಡು ಹಿಂದಿರುಗುವುದು. ಮರುದಿನ ಬಂದರೂ ಅದೇ ಬರಹ. (ದೆವ್ವಕ್ಕೆ ಓದು ಬರುತ್ತದೆಂಬುದರಲ್ಲಿ ಮಾತ್ರ ಯಾರಿಗೂ ಸಂಶಯವಿರಲಿಲ್ಲ!) ದೆವ್ವಕ್ಕೆ ಹೇಳಿದ ಮಾತನ್ನೇ ನಾವು ಗಿರಾಕಿಗೆ ಹೇಳುತ್ತೇವೆ. ಆದರೆ ಗಿರಾಕಿ ಹಳ್ಳಿಯಿಂದ ಬಸ್ಸಿಗೆ ಹಣ ಕೊಟ್ಟು, ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾಳೆ.

ಪುರಂದರದಾಸರ ಪೂರ್ವಾಶ್ರಮದ ಕಥೆ ಎಲ್ಲರಿಗೂ ತಿಳಿದದ್ದು. ಶ್ರೀನಿವಾಸ ನಾಯಕನೆಂಬ ಸಿರಿವಂತ ವರ್ತಕನ ಅಂಗಡಿಗೆ ಬಡ ಬ್ರಾಹ್ಮಣನೊಬ್ಬನು ಮಗನ ಉಪನಯನಕ್ಕೆಂದು ನೆರವು ಕೇಳಿ ಬರುತ್ತಾನೆ. ನಾಯಕನು ಕೊಡುವುದಿಲ್ಲವೆನ್ನಲಿಲ್ಲ, ನಾಳೆ ಬಾ, ನಾಡಿದ್ದು ಬಾ ಎಂದು ತಿಂಗಳುಗಟ್ಟಲೆ ಅಲೆಸಿದನು. ಕೊನೆಗೆ ಬ್ರಾಹ್ಮಣನು ನಾಯಕನ ಹೆಂಡತಿಯ ಬಳಿಗೆ ಹೋದನು. ಆಕೆ ತನ್ನ ಮೂಗುತಿಯನ್ನೇ ಬಿಚ್ಚಿಕೊಟ್ಟಳು. ಆಮೇಲಿನದು ಹರಿಕಥೆಗಳಲ್ಲಿ ಕೇಳಿಯೇ ಇದ್ದೇವೆ. ಜನ ಇದನ್ನು ಜಿಪುಣತನದ ಕಥೆಯೆನ್ನುತ್ತಾರೆ. ಅಂಗಡಿಯವರ ಮಗಳಾದ ನನಗೆ ಅದರಲ್ಲಿ ಬೇರೊಂದು ತಪ್ಪು ಕಾಣುತ್ತದೆ. ನಾಯಕನು ಮೊದಲ ದಿನವೇ ‘ಕೊಡಲೊಲ್ಲೆ’ ಎಂದಿದ್ದರೆ ಜಿಪುಣನೆಂಬ ಹೆಸರು ಹೇಗೂ ಬರುತ್ತಿತ್ತು. ಆ ಬ್ರಾಹ್ಮಣನಾದರೂ ಬೇರೆ ಮನೆಯ ಬಾಗಿಲಿಗೆ ಹೋಗಿ ಮುಹೂರ್ತಕ್ಕೆ ಮೊದಲು ಹಣ ಹೊಂದಿಸಿಕೊಳ್ಳುತ್ತಿದ್ದನು.

ನಮ್ಮ ಅಂಗಡಿಯ ‘ನಾಳೆ’ಗೆ ಒಂದು ಮದುವೆ ಬಲಿಯಾಯಿತು. ನಾನು ದ್ವಿತೀಯ ಪಿ.ಯು.ಸಿ. ಪರೀಕ್ಷೆ ಬರೆದು ಮುಗಿಸಿದ್ದ ಬೇಸಿಗೆ. ಮದುವೆಗಳ ಕಾಲ. ತಂದೆಯವರು ಬಂದ ಬಟ್ಟೆಯನ್ನೆಲ್ಲ ‘ಆಗಲಿ ಅಮ್ಮಾ, ಆಗಲಿ’ ಎಂದು ತೆಗೆದುಕೊಂಡಿದ್ದರು. ಮೇಜಿನ ಕೆಳಗೆ ಗಂಟುಗಳು ಒಂದರ ಮೇಲೊಂದು ಕೂತಿದ್ದವು. ಹತ್ತು ಮೈಲಿ ದೂರದ ಹಳ್ಳಿಯ ಒಬ್ಬ ತಾಯಿ ಮಗಳ ಮದುವೆಗೆಂದು ಐದು ರವಿಕೆ ಕೊಟ್ಟಿದ್ದರು. ನಾಲ್ಕು ಮಗಳಿಗೆ, ಒಂದು ತಮಗೆ. ಸೋಮವಾರ ಎಂದಿದ್ದುದು ಬುಧವಾರವಾಯಿತು, ಬುಧವಾರ ಶುಕ್ರವಾರವಾಯಿತು. ಶನಿವಾರ ಚಪ್ಪರ. ಶುಕ್ರವಾರ ರಾತ್ರಿ ಹನ್ನೊಂದರವರೆಗೆ ಆಕೆ ನಮ್ಮ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಮಗಳ ನಾಲ್ಕು ರವಿಕೆಗಳು ಮುಗಿದುವು. ಐದನೆಯದು ಕತ್ತರಿಸಿದ ತುಂಡುಗಳಾಗಿಯೇ ಉಳಿಯಿತು. ಆಕೆ ಬೈಯಲಿಲ್ಲ. “ಇರಲಿ ಬಿಡಪ್ಪ, ನನ್ನದು ಯಾರು ನೋಡುತ್ತಾರೆ” ಎಂದು ಆ ತುಂಡುಗಳನ್ನು ಹಾಗೆಯೇ ಸೆರಗಿನಲ್ಲಿ ಸುತ್ತಿಕೊಂಡು ಹೊರಟರು. ಬೈದಿದ್ದರೆ ತಂದೆಯವರು ಆ ರಾತ್ರಿ ಊಟ ಮಾಡುತ್ತಿದ್ದರೋ ಏನೋ.

ಈ ಸಂಗತಿಯನ್ನು ನಾನು ಆಗ ದುರದೃಷ್ಟವೆಂದು ತಿಳಿದಿದ್ದೆ. ಪ್ರಥಮ ಬಿ.ಎ.ಯಲ್ಲಿ ಅರ್ಥಶಾಸ್ತ್ರದ ಪಾಠ ಕೇಳಲು ತೊಡಗಿದ ಮೇಲೆ ಒಂದು ಭಾನುವಾರ ಕಾಗದ ಹಿಡಿದು ಲೆಕ್ಕ ಹಾಕಿದೆ. ಲೈನಿಂಗ್ ಹಾಕಿದ ರವಿಕೆಯೊಂದಕ್ಕೆ ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ ಎಲ್ಲ ಸೇರಿ ತಂದೆಯವರಿಗೆ ಎರಡೂವರೆ ಗಂಟೆ ಹಿಡಿಯುತ್ತದೆ. ದಿನಕ್ಕೆ ಹತ್ತು ಗಂಟೆ ಯಂತ್ರದ ಮೇಲೆ ಕುಳಿತರೆ ನಾಲ್ಕು ರವಿಕೆ. ಹಬ್ಬಕ್ಕೆ ಮುಂಚಿನ ಹನ್ನೆರಡು ದಿನಗಳಲ್ಲಿ 48. ಇದರಲ್ಲಿ ಕರೆಂಟು ಹೋಗುವುದಕ್ಕೆ, ಬಿಗಿಯಾದುದನ್ನು ಬಿಚ್ಚಿ ಸಡಿಲಿಸುವುದಕ್ಕೆ, ಸಂತೆಗೆ ಹೋಗುವುದಕ್ಕೆ, ಜ್ವರಕ್ಕೆ ಎಂದು ಎಂಟನ್ನು ಕಳೆದರೆ ಉಳಿಯುವುದು 40. ಆ ಬೇಸಿಗೆಯ ಅಳತೆ ಪುಸ್ತಕ ತೆರೆದು ನೋಡಿದರೆ ಮದುವೆಗೆ ಮುಂಚಿನ ಹನ್ನೆರಡು ದಿನಗಳಿಗೆ 67 ರವಿಕೆಗಳನ್ನು ಒಪ್ಪಿಕೊಳ್ಳಲಾಗಿತ್ತು. ಅಂದರೆ ಕತ್ತರಿ ಆಡುವ ಮೊದಲೇ 27 ಮಂದಿಗೆ ಮೋಸವಾಗಿತ್ತು. ಯಾರು ಆ 27 ಮಂದಿ ಎಂಬುದೊಂದು ಮಾತ್ರ ತಿಳಿದಿರಲಿಲ್ಲ. ಜೋರು ಮಾಡಿದವರು, ದೊಡ್ಡ ಮನೆಯವರು, ಎದುರು ಮನೆಯವರು ತಮ್ಮದನ್ನು ತೆಗೆದುಕೊಂಡು ಹೋದರು. ಸುಮ್ಮನೆ ಬೆಂಚಿನ ಮೇಲೆ ಕುಳಿತವರ ಪಾಲಿಗೆ ತುಂಡುಗಳು ಬಂದುವು. ಯಾರಿಗೂ ಇಲ್ಲವೆನ್ನದ ಅಂಗಡಿಯು ಕೊನೆಗೆ ಬಡವರಿಗೇ ಇಲ್ಲವೆನ್ನುತ್ತದೆ ಎಂಬುದು ನನಗೆ ಆ ಕಾಗದದ ಮೇಲೆ ಕಂಡಿತು.

ಆಯ್ದಕ್ಕಿ ಮಾರಯ್ಯನ ಕಥೆ ಇಲ್ಲಿ ನೆನಪಾಗುತ್ತದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಅಟ್ಟಿದಳಂತೆ. ತರಗತಿಯಲ್ಲಿ ಇದನ್ನು ನಿರ್ಲೋಭಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಕೆಲಸ ಮಾಡುವವರ ಕಣ್ಣಿಗೆ ಅದು ಅಳತೆಯ ಪಾಠವೂ ಹೌದು. ತನ್ನ ಮಡಕೆಗೆ ಎಷ್ಟು ಹಿಡಿಸುತ್ತದೆಂದು ಲಕ್ಕಮ್ಮನಿಗೆ ಗೊತ್ತಿತ್ತು.

ಮರುದಿನ ನಾನು ಪ್ರಾಥಮಿಕ ಶಾಲೆಯ ಕಾಲದ ನನ್ನ ಹಳೆಯ ಸ್ಲೇಟನ್ನು ಹುಡುಕಿ ತೆಗೆದು ಅಂಗಡಿಯ ಕನ್ನಡಿಯ ಪಕ್ಕಕ್ಕೆ ತೂಗುಹಾಕಿದೆ. ‘ಹಬ್ಬಕ್ಕೆ ಮುಂಚೆ: 40. ತೆಗೆದುಕೊಂಡದ್ದು:’ ಎಂದು ಬರೆದು, ಒಂದೊಂದು ಬಟ್ಟೆ ಬಂದಂತೆ ಒಂದೊಂದು ಅಂಕಿ ಏರಿಸುವುದು. ಉಪಾಯ ಇಷ್ಟೇ. ಆದರೆ ಇದರಿಂದ ಒಂದು ದೊಡ್ಡ ಅನುಕೂಲವಾಯಿತು. ‘ನಿಮಗೆ ಆಗುವುದಿಲ್ಲ’ ಎಂದು ನಾವು ಹೇಳಬೇಕಾದುದು ತಪ್ಪಿತು. ‘ನಲವತ್ತಾಯಿತಮ್ಮ, ನೋಡಿ’ ಎಂದರೆ ಸಾಕು. ಗಿರಾಕಿಯೂ ನಾವೂ ಒಂದೇ ಕಡೆ ನಿಂತು ಸ್ಲೇಟನ್ನು ನೋಡುತ್ತೇವೆ. ಸಿಟ್ಟು ಬಂದರೂ ಅದರ ಮೇಲೆ ಬರುತ್ತದೆ.

ಇನ್ನು ಬಟ್ಟೆ ಸಾಲದಿರುವ ಸಂದರ್ಭ. ಇದು ನಮ್ಮ ಕಸುಬಿನಲ್ಲಿ ದಿನನಿತ್ಯದ ಜಗಳ. ಸೀರೆಯ ಜೊತೆಯಲ್ಲಿ ಬರುವ ರವಿಕೆಯ ಕಣ ಸಾಮಾನ್ಯವಾಗಿ 80 ಸೆಂಟಿಮೀಟರು. ಅದರಲ್ಲಿ ಮೊಳಕೈವರೆಗಿನ ತೋಳು ಬರುವುದೇ ಕಷ್ಟ. ತುಂಬಿದ ಮೈಯವರಿಗಂತೂ ಉದ್ದ ತೋಳು ಬೇಕೆಂದರೆ ಒಂದು ಮೀಟರು ಬೇಕು. ಗಂಡಸರ ಅಂಗಿಯದು ಇನ್ನೊಂದು ಕಥೆ. 36 ಅಂಗುಲ ಅಗಲದ ಬಟ್ಟೆಯಾದರೆ ತುಂಬು ತೋಳಿನ ಅಂಗಿಗೆ ಎರಡೂಕಾಲರಿಂದ ಎರಡೂವರೆ ಮೀಟರು ಹಿಡಿಯುತ್ತದೆ; 58 ಅಂಗುಲ ಅಗಲದ್ದಾದರೆ ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಸಾಕು. “ಹೋದ ಸಲ ಒಂದೂ ಅರವತ್ತರಲ್ಲಿ ಹೊಲಿದಿರಿ, ಈ ಸಲ ಯಾಕೆ ಆಗುವುದಿಲ್ಲ? ಬಟ್ಟೆ ಕದಿಯುತ್ತೀರಾ?” ಎಂದು ಕೇಳಿದವರಿದ್ದಾರೆ. ಅಗಲ ಬೇರೆ ಎಂಬುದನ್ನು ಅವರು ಗಮನಿಸಿರುವುದಿಲ್ಲ. ಹತ್ತಿಯ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ. ಚೌಕುಳಿಯಿದ್ದರೆ ಗೆರೆ ಕೂಡಿಸಲು ಹೆಚ್ಚು ಬೇಕು. ಒಂದೇ ದಿಕ್ಕಿಗೆ ನಿಂತ ಹೂವಿನ ಅಚ್ಚಿದ್ದರೆ ತುಂಡುಗಳನ್ನು ತಲೆಕೆಳಗು ಮಾಡಿ ಹೊಂದಿಸುವಂತಿಲ್ಲ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ನೆಪ ಹೇಳುತ್ತಿದ್ದಾರೆಂದು ತೋರುತ್ತದೆ. ಆದುದರಿಂದ ಈಗ ನಾವು ಬಾಯಿ ತೆರೆಯುವ ಮೊದಲು ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಗಿರಾಕಿಯ ಕೈಗೇ ಟೇಪಿನ ಒಂದು ತುದಿಯನ್ನು ಕೊಡುತ್ತೇವೆ. “ಹಿಡಿದುಕೊಳ್ಳಿ ಅಕ್ಕಾ. ಇಲ್ಲಿಗೆ ಮೈ ಮುಗಿಯಿತು. ಇನ್ನು ತೋಳಿಗೆ ಉಳಿದದ್ದು ಇಷ್ಟು. ಗಿಡ್ಡ ತೋಳು ಆಗುತ್ತದೆ, ಉದ್ದ ತೋಳು ಆಗುವುದಿಲ್ಲ. ಅಂಚಿನ ಬೇರೆ ಬಟ್ಟೆ ತಂದರೆ ಜೋಡಿಸಬಹುದು.” ಟೇಪಿನೊಡನೆ ಜಗಳವಾಡಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಮೊಬೈಲಿನಲ್ಲಿ ಚಿತ್ರ ತೋರಿಸುವವರು ಈಚಿನವರು. ಸಿನಿಮಾ ನಟಿಯೊಬ್ಬಳ ಬೆನ್ನಿನ ಮೇಲೆ ನವಿಲು, ಅದಕ್ಕೆ ಮಣಿ, ಅದಕ್ಕೆ ಜರಿ. “ಹೀಗೇ ಬೇಕು ಮಾಸ್ಟ್ರೇ.” ತಂದೆಯವರಿಗೆ ಆರಿ ಕಸೂತಿ ಬಾರದು. ಮೊದಲು ಅವರು ‘ನೋಡೋಣಮ್ಮ’ ಎನ್ನುತ್ತಿದ್ದರು. ‘ನೋಡೋಣ’ ಎಂದರೆ ಗಿರಾಕಿಯ ಕಿವಿಗೆ ‘ಆಗುತ್ತದೆ’ ಎಂದೇ ಕೇಳಿಸುತ್ತದೆ. ಈಗ ಪಕ್ಕದ ಬೀದಿಯಲ್ಲಿ ಆರಿ ಕೆಲಸ ಮಾಡುವ ಹೆಂಗಸೊಬ್ಬರ ಮನೆಯನ್ನು ತೋರಿಸುತ್ತೇವೆ. ಗಿರಾಕಿಯನ್ನು ಕೈಯಾರೆ ಇನ್ನೊಬ್ಬರಲ್ಲಿಗೆ ಕಳುಹಿಸುವುದೆಂದರೆ ಅಂಗಡಿಯವರಿಗೆ ಕರುಳು ಕಿತ್ತಂತಾಗುತ್ತದೆ. ತಂದೆಯವರು ಒಪ್ಪಲು ಆರು ತಿಂಗಳು ಹಿಡಿಯಿತು. ಆಕೆಯೂ ಕಸೂತಿ ಮುಗಿಸಿದ ಕಣಗಳನ್ನು ಹೊಲಿಯಲು ನಮ್ಮಲ್ಲಿಗೆ ಕಳುಹಿಸತೊಡಗಿದ ಮೇಲೆ ಅವರ ಮುಖ ಸ್ವಲ್ಪ ತಿಳಿಯಾಯಿತು.

ಸಾಲದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ನೋಡದವರಾರು? ಇಲ್ಲಿಯೂ ಬಂತು ನೋಡಿ, ಅದೇ ‘ನಾಳೆ’! ಟೈಲರಿನ ಸಾಲ ದಿನಸಿ ಅಂಗಡಿಯ ಸಾಲದಂಥದಲ್ಲ. ಅಲ್ಲಿ ವಸ್ತು ಅಂಗಡಿಯವನದು. ಕೊಡಲೊಲ್ಲೆನೆಂದರೆ ಅವನ ಸಕ್ಕರೆ ಅವನ ಡಬ್ಬಿಯಲ್ಲೇ ಉಳಿಯುತ್ತದೆ. ಇಲ್ಲಿ ಬಟ್ಟೆ ಗಿರಾಕಿಯದು, ಅದಕ್ಕೆ ಸೇರಿಹೋದ ದುಡಿಮೆ ನಮ್ಮದು. ಹೊಲಿದಾದ ಮೇಲೆ “ಮುಂದಿನ ತಿಂಗಳು ಫೋನಿಗೆ ಹಾಕುತ್ತೇನೆ” ಎಂದರೆ ಏನು ಮಾಡುವುದು? ಬಟ್ಟೆಯನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ನಮಗುಂಟೇ?

ಈ ಸಂಶಯ ತೀರಿಸಿಕೊಳ್ಳಲು ನಾನು ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ 1872ರ ಭಾರತೀಯ ಕರಾರು ಅಧಿನಿಯಮವನ್ನು ತೆಗೆಸಿ ನೋಡಿದೆ. 170ನೆಯ ಪ್ರಕರಣಕ್ಕೆ ಬಂದಾಗ ನನಗೆ ಆದ ಆಶ್ಚರ್ಯವನ್ನು ಏನೆಂದು ಹೇಳಲಿ! ನೂರೈವತ್ತು ವರ್ಷದ ಆ ಕಾಯಿದೆಯಲ್ಲಿ ನಮ್ಮ ತಂದೆಯವರ ಕಸುಬಿನವನೊಬ್ಬನು ಕುಳಿತಿದ್ದನು. ಒಬ್ಬರ ವಸ್ತುವನ್ನು ಕೆಲಸಕ್ಕೆಂದು ಪಡೆದು, ಅದರ ಮೇಲೆ ತನ್ನ ದುಡಿಮೆ ಅಥವಾ ಕುಶಲತೆಯನ್ನು ಹಾಕಿದವನು, ಬೇರೆ ಕರಾರು ಇಲ್ಲದಿದ್ದಲ್ಲಿ, ತನ್ನ ಕೂಲಿ ಬರುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದೆಂಬುದು ನಿಯಮ. ಅದಕ್ಕೆ ಎರಡು ದೃಷ್ಟಾಂತಗಳನ್ನು ಕೊಟ್ಟಿದೆ. ಮೊದಲನೆಯದರಲ್ಲಿ ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಟ್ಟ ರತ್ನಪಡಿಯವನು ಹಣ ಬರುವವರೆಗೆ ವಜ್ರವನ್ನು ಹಿಡಿದಿಡಬಹುದು. ಎರಡನೆಯವನು ದರ್ಜಿ. ಕೋಟು ಹೊಲಿಯಲು ಬಟ್ಟೆ ತೆಗೆದುಕೊಳ್ಳುವಾಗ ಅವನು, ಮುಗಿದ ಕೂಡಲೆ ಕೊಡುತ್ತೇನೆ, ಹಣವನ್ನು ಮೂರು ತಿಂಗಳ ಮೇಲೆ ಕೊಡು ಎಂದು ಮಾತು ಕೊಟ್ಟುಬಿಟ್ಟಿದ್ದಾನೆ. ಅವನು ಕೋಟನ್ನು ಹಿಡಿದಿಡುವಂತಿಲ್ಲ! ಕಾನೂನನ್ನು ಬರೆದವರು ಬಾಯಿ ಬಿಗಿಹಿಡಿಯಲಾರದ ಮನುಷ್ಯನನ್ನು ಹುಡುಕುವಾಗ ದರ್ಜಿಯನ್ನೇ ಆರಿಸಿದುದು ನನಗೆ ನಗುವನ್ನೂ ತಂದಿತು, ಸ್ವಲ್ಪ ನೋವನ್ನೂ ತಂದಿತು. ಅದೇ ಕಾಯಿದೆಯ 55ನೆಯ ಪ್ರಕರಣ ವಾಯಿದೆಯನ್ನು ಕುರಿತದ್ದು. ಗೊತ್ತಾದ ದಿನಕ್ಕೆ ಕೆಲಸವಾಗುವುದೇ ಕರಾರಿನ ಮುಖ್ಯ ಉದ್ದೇಶವಾಗಿದ್ದರೆ, ಆ ದಿನ ತಪ್ಪಿದ ಮೇಲೆ ಕರಾರನ್ನು ಬಿಟ್ಟುಕೊಡುವ ಹಕ್ಕು ಎದುರು ಪಕ್ಷಕ್ಕೆ ಬರುತ್ತದೆ. ಮದುವೆಯ ರವಿಕೆಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಪ್ರಕರಣ ಬೇರಿಲ್ಲ. ಮುನ್ನೂರು ರೂಪಾಯಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲವೆಂಬುದು ನಿಜ. ಆದರೆ ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದಿನವೇ ಆಗಲಿ, ಹಣವೇ ಆಗಲಿ, ಹೇಳಬೇಕಾದುದನ್ನು ಬಟ್ಟೆಯನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಹೇಳಬೇಕು. ಬಟ್ಟೆಗೆ ಕತ್ತರಿ ಬಿದ್ದ ಮೇಲೆ ‘ಆಗುವುದಿಲ್ಲ’ ಎನ್ನುವುದಕ್ಕೆ ಜಾಗವೇ ಇಲ್ಲ. ಗಿರಾಕಿಯು ಅದನ್ನು ಬೇರೆಯವರಲ್ಲಿಗೆ ಒಯ್ಯುವಂತೆಯೂ ಇಲ್ಲ.

ಈಗ ಬಟ್ಟೆ ಕೊಡುವಾಗ ಅರ್ಧ ಹಣ ಮುಂಗಡ, ಒಯ್ಯುವಾಗ ಇನ್ನರ್ಧ ಎಂಬುದು ನಮ್ಮ ಅಂಗಡಿಯ ಪದ್ಧತಿ. ಇದನ್ನು ಚೀಟಿಯ ಮೇಲೆ ಬರೆದು ಕೊಡುತ್ತೇವೆ. ಹಳೆಯ ಬಾಕಿಯವರು ಬಂದರೆ ಬಾಕಿಯ ಮಾತನ್ನು ನಾಲ್ಕು ಜನರ ಎದುರಿಗೆ ಎತ್ತುವುದಿಲ್ಲ. ಇದು ತಾಯಿಯವರು ಕಲಿಸಿದ್ದು. ಕನ್ನಡಿಯ ಬಳಿಗೆ ಕರೆದು, ಅಳತೆ ತೆಗೆಯುವ ನೆಪದಲ್ಲಿ ಮೆಲ್ಲಗೆ, “ಅಕ್ಕಾ, ಯುಗಾದಿಯದು ಒಂದಿದೆ, ಅದಾದ ಮೇಲೆ ಇದನ್ನು ತೆಗೆದುಕೊಳ್ಳುತ್ತೇನೆ” ಎಂದರೆ ಸಾಕು. ಎಷ್ಟು ಸರಿಮಾಡಿದರೂ ಕಂಕುಳಲ್ಲಿ ಹಿಡಿಯುತ್ತದೆ, ಬೆನ್ನಲ್ಲಿ ಎಳೆಯುತ್ತದೆ ಎಂದು ದೂರು ಹೇಳುವವರೂ ಉಂಟು. ಅವರಿಗೆ ಎರಡು ಸಲ ಬಿಚ್ಚಿ ಸರಿಮಾಡಿಕೊಟ್ಟು, ಮೂರನೆಯ ಸಲ ಕೈಮುಗಿಯುತ್ತೇವೆ. ಅವರನ್ನು ಕುರಿತು ಇದಕ್ಕಿಂತ ಹೆಚ್ಚು ಬರೆಯುವುದಕ್ಕೆ ನನಗೆ ಮನಸ್ಸಿಲ್ಲ.

ಹೇಳುವ ಬಗೆಯ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು. ಇಂಗ್ಲಿಷಿನ ಒಂದು ‘ನೋ’ಗೆ ನಮ್ಮಲ್ಲಿ ಇಲ್ಲ, ಅಲ್ಲ, ಬೇಡ, ಕೂಡದು, ಬಾರದು, ಸಾಲದು, ಆಗದು, ಒಲ್ಲೆ, ಆರೆ ಎಂದು ಸಾಲುಗಟ್ಟಿ ನಿಂತಿವೆ. ‘ಹೊಲಿಯಲೊಲ್ಲೆ’ ಎಂದರೆ ಮನಸ್ಸಿಲ್ಲ; ‘ಹೊಲಿಯಲಾರೆ’ ಎಂದರೆ ಶಕ್ತಿಯಿಲ್ಲ; ‘ಸಾಲದು’ ಎಂದರೆ ದೋಷ ಬಟ್ಟೆಯದು; ‘ಆಗದು’ ಎಂದರೆ ದೋಷ ಯಾರದೂ ಅಲ್ಲ. ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವ ಜನ ನಾವು. ಅಕ್ಕಿ ಮುಗಿದರೂ ‘ಇಲ್ಲ’ ಎನ್ನಲು ಹಿಂಜರಿಯುವ ಮನೆಗಳಿವೆ. ಈ ಸೌಜನ್ಯ ಒಳ್ಳೆಯದೇ. ಆದರೆ ಮೆದುವಾದ ಮಾತನ್ನು ಆಡುವ ಭರದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಅದು ಸುಳ್ಳಾಗುತ್ತದೆ. ಒಲ್ಲೆ ಎನ್ನಬೇಕಾದಲ್ಲಿ ಆರೆ ಎಂದರೆ ಗಿರಾಕಿಗೆ ಹೇಗೋ ತಿಳಿದುಹೋಗುತ್ತದೆ.

ಇಷ್ಟು ಬರೆದ ಮೇಲೆ, ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದ ಮಾತನ್ನು ಬರೆಯುತ್ತೇನೆ. ಮದುವೆಯ ರವಿಕೆಯ ಆ ರಾತ್ರಿಯ ಮೇಲೆ ನಾನು ತಂದೆಯವರನ್ನು, “ಆಗುವುದಿಲ್ಲ ಎಂದು ಮೊದಲೇ ಹೇಳಬಾರದಿತ್ತೇ ಅಪ್ಪ?” ಎಂದು ಕೇಳಿದ್ದೆ. ಆಗ ಅವರು ಉತ್ತರ ಕೊಡಲಿಲ್ಲ. ಎಷ್ಟೋ ದಿನಗಳ ಮೇಲೆ, ಯಂತ್ರಕ್ಕೆ ಎಣ್ಣೆ ಬಿಡುತ್ತ, ತಾವಾಗಿಯೇ ಹೇಳಿದರು. ಅವರು ಹುಡುಗರಾಗಿದ್ದಾಗ ಅವರ ಹಳ್ಳಿಯಲ್ಲಿ ನಮ್ಮ ಕೇರಿಯವರು ಕ್ಷೌರಕ್ಕೆ ಹೋದರೆ ಯಾರೂ ಬೈಯುತ್ತಿರಲಿಲ್ಲವಂತೆ, ಗದರಿಸುತ್ತಿರಲಿಲ್ಲವಂತೆ. ಬಹಳ ಮೆತ್ತಗೆ, “ಕತ್ತರಿ ಸಾಣೆಗೆ ಹೋಗಿದೆ ಮಗಾ, ನಾಳೆ ಬಾ” ಎನ್ನುತ್ತಿದ್ದರಂತೆ. ಅಷ್ಟರಲ್ಲೇ ಒಳಗಿನಿಂದ ಕತ್ತರಿಯ ಸದ್ದು ಕೇಳಿಸುತ್ತಿತ್ತು. “ನಾಳೆ ಬಾ ಅಂತ ಹೇಳಿಸಿಕೊಂಡವನು ನಾನು. ಇನ್ನೊಬ್ಬರಿಗೆ ಇಲ್ಲ ಅನ್ನೋದಕ್ಕೆ ನನ್ನ ಬಾಯಿ ಹೇಗೆ ಬರಬೇಕು?” ಎಂದರು. ಕತ್ತರಿ ಹಿಡಿಯುವ ಕಸುಬನ್ನೇ ಅವರು ಯಾಕೆ ಕಲಿತರೆಂದು ನಾನು ಕೇಳಲಿಲ್ಲ.

ನಯವಾದ ನಿರಾಕರಣೆಯನ್ನು ಹೊಗಳಿ ಬರೆಯುವವರು ಇದನ್ನು ಮರೆಯಬಾರದೆಂದು ನನಗೆ ತೋರುತ್ತದೆ. ನಮ್ಮ ದೇಶದಲ್ಲಿ ಅತ್ಯಂತ ಅನ್ಯಾಯದ ‘ಇಲ್ಲ’ಗಳನ್ನು ಅತ್ಯಂತ ನಯವಾಗಿ ಹೇಳಿದ್ದಾರೆ. ಅದಕ್ಕಾಗಿಯೇ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡ, ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾರನ್ನೂ ಅಂಗಡಿ, ಹೋಟೆಲುಗಳ ಹೊರಗೆ ನಿಲ್ಲಿಸಕೂಡದೆಂದು ಹೇಳಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಬಂದು 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂದು ಹೆಸರು ಬದಲಾದ ಕಾಯಿದೆಯ ಪ್ರಕಾರ, ಅಸ್ಪೃಶ್ಯತೆಯ ಕಾರಣದಿಂದ ಸರಕು ಮಾರಲು ಅಥವಾ ಸೇವೆ ಮಾಡಲು ನಿರಾಕರಿಸುವುದು ಶಿಕ್ಷಾರ್ಹ ಅಪರಾಧ. ಕೆಲಸವನ್ನು ನೋಡಿ ‘ಆಗುವುದಿಲ್ಲ’ ಎನ್ನುವ ಸ್ವಾತಂತ್ರ್ಯ ಅಂಗಡಿಯವನಿಗೆ ಇದೆ; ಕೆಲಸ ತಂದ ಮನುಷ್ಯನ ಹುಟ್ಟನ್ನು ನೋಡಿ ಎನ್ನುವ ಸ್ವಾತಂತ್ರ್ಯ ಇಲ್ಲ. ಇವೆರಡೂ ಹೊರಗಿನಿಂದ ಒಂದೇ ತೆರನಾಗಿ ಕೇಳಿಸಬಹುದು. ಸ್ಲೇಟಿನ ಮೇಲಿನ ಅಂಕಿ ಕಣ್ಣಿಗೆ ಕಾಣುವಂತಿರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಒಳಗೆ ಕತ್ತರಿಯ ಸದ್ದಾಗುತ್ತಿರುವಾಗ ಹೊರಗೆ ನಿಂತವರಿಗೆ, ಯಾಕೆ ಸದ್ದಾಗುತ್ತಿದೆಯೆಂದು ಓದಿ ತಿಳಿಯುವಂತಿರಬೇಕು.

ಈ ಮಾತನ್ನು ತಂದೆಯವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಎಲ್ಲರಿಗೂ ಒಂದೇ ಆಗಬೇಕು, ನೋಡು” ಎಂದರು.

ಹೋದ ವರ್ಷದ ಗೌರಿ ಹಬ್ಬಕ್ಕೆ ಆ ಮಾತಿಗೆ ಪರೀಕ್ಷೆ ಬಂತು. ಸ್ಲೇಟು ತುಂಬಿ ಎರಡು ದಿನವಾಗಿತ್ತು. ನಮ್ಮ ಊರಿನ ದೊಡ್ಡ ಮನೆತನದ ಅಮ್ಮನವರೊಬ್ಬರು ಕಾರಿನಿಂದ ಇಳಿದು ಆರು ರವಿಕೆಯ ಕಣಗಳನ್ನು ಮೇಜಿನ ಮೇಲೆ ಇಟ್ಟರು. ನಾನು ಎದ್ದು ನಿಂತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಂದೆಯವರೇ ಯಂತ್ರ ನಿಲ್ಲಿಸಿ ಬಂದರು. “ಅಮ್ಮಾವ್ರೇ, ಕೂತುಕೊಳ್ಳಿ. ಹಬ್ಬಕ್ಕೆ ನಲವತ್ತಾಗಿಹೋಗಿದೆ. ಇದನ್ನು ಇಟ್ಟುಕೊಂಡರೆ ನಿಮ್ಮನ್ನು ಹಬ್ಬದ ಹಿಂದಿನ ದಿನ ಅಲೆಸಬೇಕಾಗುತ್ತದೆ. ಹಬ್ಬ ಕಳೆದು ಮೂರನೇ ದಿನಕ್ಕೆ ಆಗುತ್ತದೆ; ಬೇಕೆಂದರೆ ಈಗಲೇ ಅಳತೆ ಬರೆದುಕೊಳ್ಳುತ್ತೇನೆ.” ಅವರ ಕೈ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಆ ಅಮ್ಮನವರು ಸ್ಲೇಟನ್ನೂ ನೋಡಲಿಲ್ಲ, ಕುಳಿತುಕೊಳ್ಳಲೂ ಇಲ್ಲ. “ನಮಗೇ ಆಗುವುದಿಲ್ಲವಾ?” ಎಂದು ಒಂದೇ ಮಾತು ಕೇಳಿ ಕಣಗಳನ್ನು ತೆಗೆದುಕೊಂಡು ಹೊರಟುಹೋದರು. ಅವರ ಮನೆಯಿಂದ ವರ್ಷಕ್ಕೆ ಇಪ್ಪತ್ತು, ಇಪ್ಪತ್ತೈದು ರವಿಕೆ ಬರುತ್ತಿತ್ತು. ಅಂದಿನಿಂದ ಒಂದೂ ಬಂದಿಲ್ಲ. ಆ ವರ್ಷದ ನನ್ನ ಪರೀಕ್ಷೆಯ ಶುಲ್ಕವನ್ನು ಎರಡು ಕಂತಿನಲ್ಲಿ ಹೊಂದಿಸಬೇಕಾಯಿತು. ‘ಆಗುವುದಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲವೆಂದು ನಾನು ಯಾರಿಗೂ ಹೇಳಲಾರೆ. ಆದರೆ ಆ ಹಬ್ಬದ ಹಿಂದಿನ ಸಂಜೆ ಏಳು ಗಂಟೆಗೆ ನಲವತ್ತು ಮಂದಿಯ ಬಟ್ಟೆಯೂ ಹೋಗಿ ಮೇಜಿನ ಕೆಳಗೆ ಬರಿಯ ನೆಲ ಕಾಣುತ್ತಿತ್ತು. ನನಗೆ ತಿಳಿದಂತೆ ಹಬ್ಬದ ಹಿಂದಿನ ರಾತ್ರಿ ತಂದೆಯವರು ನಮ್ಮ ಜೊತೆ ಕುಳಿತು ಉಂಡದ್ದು ಅದೇ ಮೊದಲು.

ಈ ಸಲದ ದೀಪಾವಳಿಗೂ ಸ್ಲೇಟು ತುಂಬಿತು. ನಾನು ನಲವತ್ತರ ಕೆಳಗೆ ಗೆರೆ ಎಳೆದು ಸೀಮೆಸುಣ್ಣ ಇಡುವಷ್ಟರಲ್ಲಿ ಇಟ್ಟಿಗೆ ಗೂಡಿನ ಕೆಲಸದ ಮುದುಕಿಯೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಮಗುವಿಗೆ ಒಂದು ಲಂಗ. ನಾನು ಸ್ಲೇಟು ತೋರಿಸಿದೆ. ಆಕೆಗೆ ಓದು ಬಾರದು. ಮೊಮ್ಮಗಳು ಓದಿ ಹೇಳಿದಳು. “ಆಯಿತು ಮಗಳೇ, ಮುಂದಿನ ಹಬ್ಬಕ್ಕೆ ಬೇಗ ಬರುತ್ತೇವೆ” ಎಂದು ಆಕೆ ತಿರುಗಿದರು. ತಂದೆಯವರು ಯಂತ್ರದಿಂದ ತಲೆಯೆತ್ತದೆ, “ಆ ಬಟ್ಟೆ ಇಲ್ಲಿ ಕೊಡಮ್ಮ” ಎಂದರು. ಆಮೇಲೆ ನನ್ನ ಕಡೆ ನೋಡಿ, “ಲಂಗ ಅರ್ಧ ಗಂಟೆಯ ಕೆಲಸ, ರಾತ್ರಿ ಹೊಲಿಯುತ್ತೇನೆ. ಇದನ್ನು ಬರೆಯಬೇಡ” ಎಂದರು.

ನಾನು ಬರೆದೆ. ಗೆರೆಯ ಕೆಳಗೆ, 41.